ಎಷ್ಟಿದ್ದರೆ ಸಾಕು?

ಜಿನೀವಾ ನಗರದ ಬಳಿ ಇರುವ ಸರ್ನ್ ಸಂಶೋಧನಾಲಯದವರು ಒಂದು ಕಪ್ಪು ಪೆಟ್ಟಿಗೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ನೆಕ್ಸ್ಟ್ ಎಂಬ ಕಂಪನಿ ತಯಾರಿಸಿದ ಕಂಪ್ಯೂಟರು ಅದು. ಟಿಮ್ ಬರ್ನರ್ಸ್-ಲೀ ಎಂಬಾತ 1990ರ ಕೊನೆಯಲ್ಲಿ ಜಗತ್ತಿನ ಮೊತ್ತಮೊದಲ ಜಾಲತಾಣವನ್ನು ನಡೆಸತೊಡಗಿದ್ದು ಅದರಿಂದಲೇ. ಪೆಟ್ಟಿಗೆಯ ಮೈಗೆ ಒಂದು ಚೀಟಿ ಅಂಟಿಸಿದೆ. ಈ ಯಂತ್ರ ಸರ್ವರ್, ಇದನ್ನು ಆರಿಸಬೇಡಿ ಎಂಬ ಅರ್ಥದ ಎರಡು ಮಾತು ಅದರಲ್ಲಿ ಕೆಂಪು ಶಾಯಿಯಲ್ಲಿ, ಕೈಬರಹದಲ್ಲಿ ಇವೆ. ಯಂತ್ರದ ಶಕ್ತಿಯ ಮಾತಾಗಲಿ ಬೆಲೆಯ ಮಾತಾಗಲಿ ಅಲ್ಲಿಲ್ಲ. ಇದನ್ನು ನೆಚ್ಚಿಕೊಂಡವರು ಎಲ್ಲಿಯೋ ಇದ್ದಾರೆ, ನಿಮ್ಮ ಕಣ್ಣಿಗೆ ಅವರು ಕಾಣಿಸರು, ಆದ್ದರಿಂದ ಗುಂಡಿಯ ಮೇಲೆ ಕೈಯಿಡುವ ಮುನ್ನ ಯೋಚಿಸಿ ಎಂಬ ಬೇಡಿಕೆ ಅಷ್ಟೆ.

ಸರ್ವರ್ ಎಂದರೆ ಹಗಲಿರುಳೂ ಎಚ್ಚರವಾಗಿದ್ದು, ದೂರದಿಂದ ಯಾರು ಬಂದು ಕೇಳಿದರೂ ಕೇಳಿದ್ದನ್ನು ತೆಗೆದುಕೊಡುವ ಕಂಪ್ಯೂಟರು. ನಮ್ಮ ಭಾಷೆಯಲ್ಲಿ ‘ಸರ್ವರು’ ಎಂದರೆ ಎಲ್ಲರೂ ಎಂದಾಗುವುದು ಬರಿಯ ಆಕಸ್ಮಿಕವಾದರೂ ಕಿವಿಗೆ ಹಿತವಾದ ಆಕಸ್ಮಿಕ. ಒಂದು ಕಾಲದಲ್ಲಿ ಇಂಥ ಯಂತ್ರಗಳು ದೊಡ್ಡ ಸಂಸ್ಥೆಗಳ ತಣ್ಣನೆಯ ಕೋಣೆಗಳಲ್ಲಿ ಮಾತ್ರ ಇರುತ್ತಿದ್ದುವು. ಈಗ ನಡುಮನೆಯ ಗೂಡಿನಲ್ಲಿ ಒಂದನ್ನಿಟ್ಟು ತಮ್ಮ ಬರಹಗಳ ತಾಣವನ್ನೂ ಗೆಳೆಯರ ಆಟವನ್ನೂ ಅದರಿಂದಲೇ ನಡೆಸಬೇಕೆಂಬ ಆಸೆ ಅನೇಕ ತರುಣರಿಗೆ ಹುಟ್ಟುತ್ತಿದೆ. ಆಸೆ ಹುಟ್ಟಿದ ಮರುಗಳಿಗೆಯಲ್ಲಿ ಪ್ರಶ್ನೆ ಹುಟ್ಟುತ್ತದೆ: ಎಂಥ ಯಂತ್ರ ಕೊಳ್ಳಬೇಕು? ಇದು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ, ಕನ್ನಡ ಪಾಠ ಹೇಳುವವನಿಗೆ ಇದರಲ್ಲಿ ಏನು ಕೆಲಸ ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ನನಗೆ ತೋರುವ ಮಟ್ಟಿಗೆ ಇದರ ಅರ್ಧ ಭಾಗ ಮಾತ್ರ ಅಂಗಡಿಗೆ ಸೇರಿದ್ದು. ಉಳಿದರ್ಧ ಧರ್ಮಕ್ಕೆ ಸೇರಿದ್ದು.

ನಾನು ಪಾಠ ಹೇಳುವ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಹಿಂದೊಮ್ಮೆ ಸುತ್ತಲಿನ ಹಳ್ಳಿಗಳಿಗೆ ಹೋಗಿ ಬೀಸುವ ಪದ, ಸೋಬಾನೆ ಪದಗಳನ್ನು ಬರೆದುಕೊಂಡು ಬಂದು ಒಂದು ಜಾಲತಾಣದಲ್ಲಿ ಹಾಕಿದ್ದರು. ತಾಣಕ್ಕೆ ಜಾಗವನ್ನು ಬಿಟ್ಟಿಯಾಗಿ ಕೊಟ್ಟದ್ದು ಒಂದು ಕಂಪನಿ, ಹೆಸರು ಬೇಡ. ಕೆಲವು ವರ್ಷಗಳ ಮೇಲೆ ಆ ಕಂಪನಿ ಬಿಟ್ಟಿ ಜಾಗಗಳನ್ನೆಲ್ಲ ಮುಚ್ಚಿತು. ಮುಚ್ಚುವುದಾಗಿ ತಿಳಿಸಿದ ಕಾಗದ ಹೋದದ್ದು ಪುಣೆಗೆ ಕೆಲಸಕ್ಕೆ ಹೋಗಿದ್ದ ಹುಡುಗನೊಬ್ಬನ ಹಳೆಯ ಅಂಚೆಪೆಟ್ಟಿಗೆಗೆ. ಹಾಡು ಸಂಗ್ರಹಿಸಿದವರಲ್ಲಿ ಒಬ್ಬಳು ಈಗ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ತನ್ನ ಅಜ್ಜಿ ಹೇಳಿಕೊಟ್ಟಿದ್ದ ಪದವೊಂದು ಬೇಕಾಗಿದೆ, ಅಜ್ಜಿ ಈಗಿಲ್ಲ, ತಾಣದಲ್ಲಿತ್ತಲ್ಲ ಎಂದು ಆಕೆ ಹುಡುಕಿಕೊಂಡು ಬಂದಳು. ಎರಡು ನೋಟುಪುಸ್ತಕಗಳು ಯಾರ ಮನೆಯ ಅಟ್ಟದಲ್ಲೋ ಸಿಕ್ಕಿದುವು. ಅಜ್ಜಿಯ ಪದ ಅವುಗಳಲ್ಲಿರಲಿಲ್ಲ.

ಈ ಸಂಗತಿ ಕೇಳಿದ ನನ್ನ ಅಕ್ಕನ ಮಗ, ಹಾಸನದಲ್ಲಿ ಇಂಜಿನಿಯರಿಂಗ್ ಓದುವವನು, “ಮಾವ, ಆ ಎರಡು ಪುಸ್ತಕ ನನಗೆ ಕೊಡಿ. ನಮ್ಮ ಮನೇಲೇ ಒಂದು ಸರ್ವರ್ ಇಡ್ತೀನಿ. ಹಾಡೂ ಇರುತ್ತೆ, ನಮ್ಮ ಮೈನ್‌ಕ್ರಾಫ್ಟೂ ಇರುತ್ತೆ” ಎಂದ. ಮೈನ್‌ಕ್ರಾಫ್ಟ್ ಎಂಬುದು ಚೌಕದ ಇಟ್ಟಿಗೆಗಳಿಂದ ಊರು ಕೇರಿ ಕಟ್ಟುವ ಆಟ. ಅವನೂ ಅವನ ಗೆಳೆಯರೂ ಸೇರಿ ಎಂಟು ಮಂದಿ. ಎರಡು ವಾರ ಕಳೆದು ಅವನು ಒಂದು ಪಟ್ಟಿಯೊಡನೆ ಬಂದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ದೊಡ್ಡ ಸರ್ವರ್ ಯಂತ್ರಗಳು ಅಗ್ಗಕ್ಕೆ ಸಿಗುತ್ತವಂತೆ. ಹನ್ನೆರಡು ಕೋರು, ತೊಂಬತ್ತಾರು ಜಿಬಿ ಮೆಮೊರಿ, ಎಂಟು ಡಿಸ್ಕಿಗೆ ಜಾಗ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದುವು. ಹಳೆಯ ಅರಮನೆಯ ಹರಾಜಿನಲ್ಲಿ ಸಿಂಹಾಸನ ಸಿಗುತ್ತದೆಂದು ಕೇಳಿದವನ ಕಣ್ಣು ಹೀಗೆಯೇ ಹೊಳೆದೀತು.

ಮದುವೆಮನೆಯ ಕೊಪ್ಪರಿಗೆ ಅಗ್ಗಕ್ಕೆ ಸಿಕ್ಕಿತೆಂದು ನಾಲ್ವರ ಸಂಸಾರಕ್ಕೆ ಅದರಲ್ಲಿ ಅನ್ನ ಮಾಡುವವರುಂಟೆ? ಕೊಪ್ಪರಿಗೆಯೇನೋ ಅಗ್ಗ. ಅದಕ್ಕೆ ಬೇಕಾದ ಒಲೆ, ಸೌದೆ, ತೊಳೆಯುವ ಆಳು ಅಗ್ಗವಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ಅನ್ನ ಎಷ್ಟು ಬೇಕು ಎಂದು. ಲೆಕ್ಕ ಹಾಕಿ ನೋಡಿದೆವು. ಕನ್ನಡದ ಒಂದೊಂದು ಅಕ್ಷರಚಿಹ್ನೆ ಕಂಪ್ಯೂಟರಿನಲ್ಲಿ ಮೂರು ಬೈಟಿನ ಜಾಗ ಹಿಡಿಯುತ್ತದೆ. ಈ ಲೇಖನದಷ್ಟು ಉದ್ದದ ಬರಹಕ್ಕೆ ಸುಮಾರು ಐವತ್ತು ಸಾವಿರ ಬೈಟು ಸಾಕು. ಇಂಥ ಸಾವಿರ ಬರಹ ಸೇರಿಸಿದರೂ ಒಂದು ಚಲನಚಿತ್ರದ ಕೆಲವು ನಿಮಿಷದಷ್ಟು ಭಾರವಾಗದು. ಮಾತು ಬಹಳ ಹಗುರವಾದ ವಸ್ತು. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರು, ಐದಾರು ವಾಟು ವಿದ್ಯುತ್ತಿನಲ್ಲಿ, ಒಂದು ತಾಲ್ಲೂಕಿನ ಹಾಡುಗಳನ್ನೆಲ್ಲ ಕೇಳಿದವರಿಗೆ ಬಡಿಸಬಲ್ಲುದು.

ಆಟದ ಸಂಗತಿ ಬೇರೆ. ಆ ಚೌಕದ ಲೋಕವನ್ನು ಸರ್ವರು ಸೆಕೆಂಡಿಗೆ 20 ಸಲ ಮುಂದಕ್ಕೆ ನಡೆಸಬೇಕು. ಹರಿಯುವ ನೀರು, ಬೆಳೆಯುವ ಪೈರು, ಅಲೆದಾಡುವ ಕುರಿ ಎಲ್ಲವನ್ನೂ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಲೆಕ್ಕ ಮಾಡಿ ಮುಗಿಸಬೇಕು. ಮುಗಿಯದಿದ್ದರೆ ಎಂಟು ಮಂದಿಗೂ ಲೋಕ ತಡವರಿಸುತ್ತದೆ. ಸ್ವಾರಸ್ಯವೆಂದರೆ ಈ ಕೆಲಸದ ಬಹುಪಾಲನ್ನು ಒಂದೇ ಕೋರು ಮಾಡಬೇಕು; ಹನ್ನೊಂದು ಕೋರುಗಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರೆ ಅದಕ್ಕೇನೂ ಸಹಾಯವಿಲ್ಲ. ಹನ್ನೆರಡು ಮಂದಿ ನಿಧಾನಸ್ಥರಿಗಿಂತ ನಾಲ್ವರು ಚುರುಕುಗೈಯವರು ಮೇಲು. ಮೆಮೊರಿ ನಾಲ್ಕೈದು ಜಿಬಿ ಆಟಕ್ಕೆ ಸಾಕು, ಧಾರಾಳವಾಗಿ ಎಂಟು ಎನ್ನೋಣ. ಲೋಕದ ತುಂಡುಗಳನ್ನು ಬೇಗ ತೆಗೆದುಕೊಡಲು ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಬೇಕು. ಇಷ್ಟೆಲ್ಲ, ಕಚೇರಿಗಳಿಂದ ಬಿಡುಗಡೆಯಾದ ಪುಸ್ತಕದಗಲದ ಚಿಕ್ಕ ಕಂಪ್ಯೂಟರುಗಳಲ್ಲಿಯೇ ದೊರೆಯುತ್ತದೆ. ಹಾಗಾದರೆ ಆ ದೊಡ್ಡ ಯಂತ್ರ ಏಕೆ? ಬೇಕಾದೀತು ಎಂದು. ಮನುಷ್ಯ ತನ್ನ ಅಗತ್ಯಕ್ಕಿಂತ ತನ್ನ ಕಲ್ಪನೆಗೆ ಸಾಮಾನು ಕೊಳ್ಳುವುದೇ ಹೆಚ್ಚು.

ಕನ್ನಡದ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಬಡಿಸುವವರ ಕೈಗೆ ಅಡ್ಡವಾಗಿ ಹೇಳುವ ‘ಸಾಕು’ ಒಂದು. ಹಸುವನ್ನೋ ಮಗುವನ್ನೋ ಸಾಕುವ ‘ಸಾಕು’ ಇನ್ನೊಂದು. ಶಬ್ದಶಾಸ್ತ್ರಜ್ಞರು ಈ ಎರಡರ ಬೇರುಗಳ ಬಗೆಗೆ ಏನಾದರೂ ಹೇಳಲಿ, ಬಾಳಿನಲ್ಲಿ ಇವೆರಡಕ್ಕೂ ನಂಟುಂಟು. ಎಷ್ಟು ಹಸು ಸಾಕು ಎಂಬ ಪ್ರಶ್ನೆಗೆ ಹಳ್ಳಿಯವನು ಕೊಟ್ಟಿಗೆಯ ಅಳತೆಯಿಂದ ಉತ್ತರ ಹೇಳುವುದಿಲ್ಲ. ಎಷ್ಟನ್ನು ಸಾಕಬಲ್ಲೆ ಎಂಬುದರಿಂದ ಹೇಳುತ್ತಾನೆ. ಮೇವು, ನೀರು, ಬೆಳಗಿನ ಜಾವ ಏಳುವ ಶರೀರಶಕ್ತಿ ಇವೆಲ್ಲ ಆ ಲೆಕ್ಕದಲ್ಲಿ ಸೇರುತ್ತವೆ. ಸರ್ವರ್ ಯಂತ್ರವೂ ಕೊಂಡು ಇಡುವ ವಸ್ತುವಲ್ಲ, ಸಾಕುವ ವಸ್ತು. ವಾರವಾರ ಅದರ ತಂತ್ರಾಂಶಗಳನ್ನು ಹೊಸದು ಮಾಡಬೇಕು, ಧೂಳು ಕೊಡವಬೇಕು, ಡಿಸ್ಕು ತುಂಬಿತೇ ನೋಡಬೇಕು, ಕರೆಂಟು ಹೋಗಿ ಬಂದಾಗ ಎದ್ದಿತೇ ಎಂದು ವಿಚಾರಿಸಬೇಕು. ಶಕ್ತಿ ಹೆಚ್ಚಿದಷ್ಟೂ ಸದ್ದು, ಕಾವು, ಬಿಲ್ಲು ಹೆಚ್ಚುತ್ತವೆ. ಆ ದೊಡ್ಡ ಯಂತ್ರದ ಫ್ಯಾನುಗಳ ಸದ್ದನ್ನು ಹುಡುಗ ಫೋನಿನಲ್ಲಿ ಕೇಳಿಸಿದಾಗ ನಮ್ಮ ಅಕ್ಕ, “ರಾತ್ರಿಯೆಲ್ಲ ಇದು ಹೀಗೆ ಗೊರಕೆ ಹೊಡೆದರೆ ನಾನೇ ಎದ್ದು ಪ್ಲಗ್ಗು ಕಿತ್ತು ಹಾಕ್ತೀನಿ ನೋಡಪ್ಪ” ಎಂದಳು. ತಮಾಷೆಯ ಮಾತಲ್ಲ ಇದು. ಮನೆಯವರು ಒಪ್ಪದ ಯಂತ್ರ ಎಷ್ಟು ಬಲಶಾಲಿಯಾದರೂ ಅಲ್ಪಾಯು.

ವಿದ್ಯುತ್ತಿನ ವಿಚಾರದಲ್ಲಿ ಇನ್ನೊಂದು ತೊಡಕುಂಟು. ಅಂಥ ಹಳೆಯ ದೊಡ್ಡ ಯಂತ್ರ ಏನೂ ಮಾಡದೆ ನಿಂತಿದ್ದರೂ 150 ವಾಟಿನಷ್ಟು ಉಣ್ಣುವುದು ಸಾಮಾನ್ಯ. ದಿನಕ್ಕೆ ಮೂರೂವರೆ ಯೂನಿಟ್ಟಿಗೆ ಮೇಲೆ, ತಿಂಗಳಿಗೆ 108 ಯೂನಿಟ್ಟು. ಚಿಕ್ಕ ಯಂತ್ರ 12 ವಾಟಿನದಾದರೆ ತಿಂಗಳಿಗೆ ಒಂಬತ್ತು ಯೂನಿಟ್ಟೂ ಆಗದು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ಹತ್ತರಷ್ಟು ಶೇಕಡಾ ಸೇರಿಸಿ, 200 ಯೂನಿಟ್ಟಿನ ಮೇರೆಯೊಳಗೆ, ಬಿಲ್ಲಿಲ್ಲದೆ ವಿದ್ಯುತ್ತನ್ನು ಕೊಡಲು ಹೊರಟಿತು. ಬಿಲ್ಲಿಲ್ಲ ಎಂದರೆ ಬೆಲೆಯಿಲ್ಲ ಎಂದಲ್ಲ. ಆ ಹಣ ಎಲ್ಲರ ಬೊಕ್ಕಸದ್ದು. ಎಂಟು ಹುಡುಗರ ಆಟಕ್ಕಾಗಿ ಅದನ್ನು ಉರಿಸುವುದು ನ್ಯಾಯವೆ? ಬಾಗಿಲ ದೀಪದಷ್ಟು ಉರಿಸಿದರೆ ಯಾರೂ ಆಕ್ಷೇಪಿಸಲಾರರು. ಒಂದು ಚಿಕ್ಕ ಸಂಸಾರದ ತಿಂಗಳ ಬಳಕೆಯಷ್ಟನ್ನು ಉರಿಸಿ, ಕೋಣೆ ಬಿಸಿ ಮಾಡಿ, ಆ ಬಿಸಿಗೆ ಫ್ಯಾನು ಹಾಕಿಕೊಳ್ಳುವುದು ನನಗೆ ಸರಿತೋರುವುದಿಲ್ಲ. ಹಣ ಕೊಟ್ಟೇ ಉರಿಸುತ್ತೇನೆ ಎನ್ನುವವನಿಗೆ ನನ್ನ ಮಾತು ಅಷ್ಟು ಬಲವಾಗಿ ತಾಗದು. ಆದರೂ ಅಷ್ಟಿಷ್ಟು ತಾಗಬೇಕು.

ಇಷ್ಟು ಗೋಳೇಕೆ, ಬಾಡಿಗೆಗೆ ಜಾಗ ಹಿಡಿಯಬಾರದೆ ಎಂದು ಕೇಳುವವರುಂಟು. ಅವರ ಮಾತಿನಲ್ಲಿ ಸತ್ಯವಿದೆ. ದೊಡ್ಡ ಕಂಪನಿಯ ಯಂತ್ರಾಗಾರದಲ್ಲಿ ಜನರೇಟರು ಇದೆ, ಕಾವಲಿದೆ. ನಮ್ಮ ಗೂಡಿನಲ್ಲಿ ಹಲ್ಲಿ ಇದೆ. ಆದರೂ ಕಂಪನಿಯ ಚರಿತ್ರೆಯನ್ನು ಒಮ್ಮೆ ನೋಡಿ. ಸಾಮಾನ್ಯ ಜನ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ದೊಡ್ಡ ಊರನ್ನು ಯಾಹೂ ಕಂಪನಿ 2009ರಲ್ಲಿ ಮುಚ್ಚಿತು. ಜಪಾನಿನ ಕೇರಿ ಮಾತ್ರ 2019ರ ತನಕ ಉಳಿಯಿತು. ಮೈಸ್ಪೇಸಿನಲ್ಲಿ 2015ರ ತನಕ ಜನ ಇಟ್ಟಿದ್ದ ಹಾಡುಗಳು, ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ನಷ್ಟವಾದುವೆಂದು 2019ರಲ್ಲಿ ಹೊರಬಿತ್ತು. ದಿ ಕ್ರೂ ಎಂಬ ಕಾರೋಟದ ಆಟವನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ ಕೊನೆಗೆ ತನ್ನ ಸರ್ವರುಗಳಲ್ಲಿ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರ ಮನೆಯಲ್ಲಿ ಡಿಸ್ಕು ಉಳಿಯಿತು, ಆಟ ಉಳಿಯಲಿಲ್ಲ. ಇವರೆಲ್ಲ ಕೆಟ್ಟವರೆಂದು ನನ್ನ ವಾದವಲ್ಲ. ಲಾಭವಿಲ್ಲದ ಕಡೆ ಅಂಗಡಿ ಮುಚ್ಚುವುದು ವರ್ತಕನ ನೀತಿ, ಅದನ್ನು ಅವನು ಮುಚ್ಚುಮರೆಯಿಲ್ಲದೆ ನಡೆಸುತ್ತಾನೆ. ನಮ್ಮ ಅಜ್ಜಿಯ ಪದವನ್ನು ಅವನ ಅಂಗಡಿಯ ಜಗಲಿಯ ಮೇಲೆ ಬಿಟ್ಟು ಬಂದು, ಅದನ್ನು ಮನೆಯೆಂದು ತಿಳಿಯುವುದರಲ್ಲಿ ತೊಡಕು ಇದೆ. ಮನೆಯ ಸರ್ವರು ಅದಕ್ಕಿಂತ ಗಟ್ಟಿಯೆಂದು ನಾನು ಹೇಳಲಾರೆ. ಅದು ಹೋದಾಗ ಯಾರ ಬಾಗಿಲು ತಟ್ಟಬೇಕೆಂಬುದು ಮಾತ್ರ ಗೊತ್ತಿರುತ್ತದೆ.

ಬಾಗಿಲು ಎಂದಾಗ ನೆನಪಾಯಿತು. ಎಷ್ಟು ಒಳ್ಳೆಯ ಯಂತ್ರ ತಂದರೂ ಹೊರಗಿನವರಿಗೆ ಅದರ ಬಾಗಿಲೇ ಸಿಗದೆ ಇರಬಹುದು. ಅಂತರಜಾಲದ ಸಂಪರ್ಕ ಕೊಡುವ ಅನೇಕರು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸಿರುತ್ತಾರೆ. ವಠಾರಕ್ಕೆಲ್ಲ ಒಂದೇ ನಂಬರು. ಒಳಗಿನಿಂದ ಹೊರಕ್ಕೆ ಕಾಗದ ಹೋದೀತು, ಹೊರಗಿನವನು ಬಂದರೆ ಯಾವ ಕದ ತಟ್ಟಬೇಕೆಂದು ತಿಳಿಯದು. ಬೇರೆ ವಿಳಾಸ ಕೊಡುತ್ತಾರೆಯೆ, ಅದಕ್ಕೆ ಎಷ್ಟು ತೆರಬೇಕು, ಮನೆಯಿಂದ ಹೊರಕ್ಕೆ ಕಳಿಸುವ ವೇಗ ಎಷ್ಟು ಎಂದು ಕೇಳಿಕೊಂಡ ಮೇಲೆ ಯಂತ್ರ ಕೊಳ್ಳುವುದು ಜಾಣತನ. ಹುಡುಗನ ಪಟ್ಟಿಯಲ್ಲಿ ಇದು ಕೊನೆಯ ಸಾಲಾಗಿತ್ತು, ಮೊದಲ ಸಾಲಾಗಬೇಕಾಗಿತ್ತು.

ಇನ್ನು ನನಗೆ ಪ್ರಿಯವಾದ ವಿಷಯ, ಪಾಠಶುದ್ಧಿಯದು. ಕಂಪ್ಯೂಟರಿನ ಮೆಮೊರಿಯಲ್ಲಿ ಅಪರೂಪಕ್ಕೊಮ್ಮೆ ಸೊನ್ನೆ ಇದ್ದದ್ದು ಒಂದಾಗಿ ಬಿಡುವುದುಂಟು. ‘ದ’ ಮತ್ತು ‘ಧ’ ಅಕ್ಷರಗಳ ಸಂಕೇತಗಳಿಗೆ ಇರುವ ವ್ಯತ್ಯಾಸ ಇಂಥ ಒಂದೇ ಬಿಟ್ಟು. ಅದು ಮಗುಚಿಕೊಂಡರೆ ಹಾಡಿನಲ್ಲಿ ಮೇಯಲು ಹೋದ ‘ದನ’ ಬೆಳಗಾಗುವುದರೊಳಗೆ ‘ಧನ’ವಾಗಿರುತ್ತದೆ. ಓಲೆಗರಿಯ ಲಿಪಿಕಾರರ ತಪ್ಪುಗಳೊಡನೆ ಹೆಣಗಿದ ನಮ್ಮಂಥವರಿಗೆ ಇದು ಹೊಸ ವೇಷದ ಹಳೆಯ ಶತ್ರು. ಇಸಿಸಿ ಎಂಬ ಬಗೆಯ ಮೆಮೊರಿ ಇಂಥ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದುತ್ತದೆ. ಎರಡು ತಪ್ಪಿದರೆ ತಪ್ಪಾಗಿದೆ ಎಂದಾದರೂ ಕೂಗಿ ಹೇಳುತ್ತದೆ. ಆ ದೊಡ್ಡ ಯಂತ್ರದಲ್ಲಿ ಇದು ಇತ್ತು, ಚಿಕ್ಕದರಲ್ಲಿ ಇಲ್ಲ. ಹುಡುಗನ ಪಟ್ಟಿಯಲ್ಲಿ ನನ್ನ ಮನಸ್ಸನ್ನು ನಿಜವಾಗಿ ಎಳೆದದ್ದು ಇದೊಂದೇ. ಆದರೆ ಅದಕ್ಕೂ ಉಪಾಯವುಂಟು. ಪ್ರತಿಯೊಂದು ಕಡತಕ್ಕೂ ಒಂದು ತಾಳೆಸಂಖ್ಯೆ ತೆಗೆದಿಟ್ಟು ಆಗಾಗ ಹೋಲಿಸಿ ನೋಡಿದರೆ ಎಲ್ಲಿ ಕೆಟ್ಟಿತೆಂದು ತಿಳಿಯುತ್ತದೆ. ಬೇರೆ ಪ್ರತಿಯಿದ್ದರೆ ಸರಿಪಡಿಸಬಹುದು.

ಬೇರೆ ಪ್ರತಿ ಇದ್ದರೆ! ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದನ್ನು ನಾವು ತರಗತಿಯಲ್ಲಿ ದಾನದ ಮಹಿಮೆಗೆ ಉದಾಹರಣೆಯಾಗಿ ಹೇಳುತ್ತೇವೆ. ಹಂಚಿದಳು ಎಂಬ ಕ್ರಿಯಾಪದದ ಮೇಲೆ ನಾವು ಇಡುವ ಒತ್ತು ಸಾಲದು. ಸಾವಿರ ಪ್ರತಿಯನ್ನೂ ಒಂದೇ ಭಂಡಾರದಲ್ಲಿ ಪೇರಿಸಿದ್ದರೆ ಒಂದು ಬೆಂಕಿ, ಒಂದು ಗೆದ್ದಲು ಸಾಕಾಗಿತ್ತು. ಎರಡು ಡಿಸ್ಕುಗಳನ್ನು ಜೋಡಿಸಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಮೂಡುವಂತೆ ಮಾಡುವ ಏರ್ಪಾಟಿಗೆ ರೇಡ್ ಎನ್ನುತ್ತಾರೆ. ಅನೇಕರು ಇದನ್ನೇ ರಕ್ಷಣೆಯೆಂದು ನೆಚ್ಚುತ್ತಾರೆ. ಒಂದು ಡಿಸ್ಕು ಸತ್ತರೆ ಅದು ಕಾಯುತ್ತದೆ, ನಿಜ. ಆದರೆ ಒಂದರಲ್ಲಿ ಅಳಿಸಿದ್ದು ಎರಡನೆಯದರಲ್ಲಿಯೂ ಅದೇ ಕ್ಷಣ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಪ್ರೊಸೆಸರಿನಲ್ಲಿ ಉಳಿಸಿದ ಹಣದಿಂದ ಇನ್ನೊಂದು ಡಿಸ್ಕು ಕೊಂಡು ಅದನ್ನು ಬೇರೆ ಊರಿನ ಬೇರೆ ಮನೆಯಲ್ಲಿಡು ಎಂದೆ. ಅದು ಈಗ ನನ್ನ ಪುಸ್ತಕದ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ಅವನು ಬಂದು ಹೊಸದನ್ನು ತುಂಬಿ, ಊಟ ಮಾಡಿ ಹೋಗುತ್ತಾನೆ.

ಬಂದವರಿಗೆ ಒದಗುವುದು ಒಂದು ಧರ್ಮವಾದರೆ ಬಾರದವರಿಗೆ ಕೇಡು ಮಾಡದಿರುವುದು ಇನ್ನೊಂದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜನರ ಮನೆಗಳ ಕ್ಯಾಮೆರಾ, ರೌಟರುಗಳೊಳಗೆ ಹೊಕ್ಕಿತು. ಕೊಂಡಾಗ ಇದ್ದ ಗುಪ್ತಪದವನ್ನು ಯಾರೂ ಬದಲಾಯಿಸಿರಲಿಲ್ಲ. ಆ ಸಾವಿರಾರು ಯಂತ್ರಗಳನ್ನು ದಂಡು ಕಟ್ಟಿ, ಗುರಿಯಾದ ಸರ್ವರುಗಳ ಮೇಲೆ ಒಮ್ಮೆಗೇ ನುಗ್ಗಿಸಲಾಯಿತು. ಅಕ್ಟೋಬರಿನಲ್ಲಿ ಡಿನ್ ಎಂಬ ಕಂಪನಿಯ ಮೇಲೆ ಬಿದ್ದ ಪೆಟ್ಟಿಗೆ ಅಮೆರಿಕದ ಅನೇಕ ಪ್ರಸಿದ್ಧ ತಾಣಗಳು ಗಂಟೆಗಟ್ಟಲೆ ಸಿಗದಾದುವು. ಇದನ್ನು ಬರೆದವರು ಮೂವರು ತರುಣರು. ಅವರು 2017ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಮೈನ್‌ಕ್ರಾಫ್ಟ್ ಸರ್ವರುಗಳನ್ನು ನಡೆಸುವವರ ಪೈಪೋಟಿಯೂ ಈ ಹಗರಣದ ಹುಟ್ಟಿಗೆ ಒಂದು ಕಾರಣವಾಗಿತ್ತು ಎಂಬುದು ನಮ್ಮ ಹುಡುಗನನ್ನು ಸ್ವಲ್ಪ ಹೊತ್ತು ಮೌನವಾಗಿಸಿತು. ತನ್ನ ಗೋಡೆಗೆ ಅಂಟಿಸಿದ ಕ್ಯಾಮೆರಾ ದೂರದ ಯಾರಿಗೋ ಕಲ್ಲು ಹೊಡೆಯುತ್ತಿದೆಯೆಂದು ಅದರ ಒಡೆಯನಿಗೆ ತಿಳಿದಿರಲಿಲ್ಲ. ತಿಳಿಯದಿದ್ದುದರಿಂದ ಪಾಪವಿಲ್ಲವೆ? ಸಂಶಯವಿದ್ದವರು ಬೀದಿಗೆ ಬಿಟ್ಟ ಹೋರಿಯ ವಿಷಯದಲ್ಲಿ ಊರಿನವರು ಏನು ತೀರ್ಪು ಹೇಳುತ್ತಾರೆಂದು ಕೇಳಿ ನೋಡಬಹುದು. ತಯಾರಕರು ಕೈಬಿಟ್ಟ, ಹೊಸ ತಿದ್ದುಪಡಿಗಳು ಬಾರದ ಯಂತ್ರವನ್ನು ಲೋಕಕ್ಕೆ ಬಾಗಿಲು ತೆರೆದು ಕೂಡಿಸಬಾರದು, ಎಷ್ಟೇ ಅಗ್ಗಕ್ಕೆ ಸಿಗಲಿ.

ಕೊನೆಗೆ ಅವನು ತಂದದ್ದು ಕಚೇರಿಯಿಂದ ಬಂದ ಒಂದು ಚಿಕ್ಕ ಕಂಪ್ಯೂಟರು, ಹದಿನಾರು ಜಿಬಿ ಮೆಮೊರಿಯದು. ಕರೆಂಟು ಹೋದಾಗ ಅರ್ಧ ಗಂಟೆ ತಡೆಯುವ ಒಂದು ಯುಪಿಎಸ್ಸು. ಅಕ್ಕನ ಮನೆಯ ಟೀವಿಯ ಹಿಂದೆ ಇಟ್ಟಿದ್ದಾನೆ. ಇದೆಯೆಂದು ತೋರಿಸಿದ ಮೇಲೆಯೇ ನನಗೆ ಕಂಡದ್ದು. ಆಟದ ಲೋಕದಲ್ಲಿ ಆ ಎಂಟು ಮಂದಿ ಸೋಮನಾಥಪುರದ ಗುಡಿಯನ್ನು ಕಟ್ಟುತ್ತಿದ್ದಾರೆ. ಜಗತಿಯ ನಕ್ಷತ್ರದ ಮೂಲೆಗಳು ಚೌಕದ ಇಟ್ಟಿಗೆಗೆ ಒಗ್ಗುತ್ತಿಲ್ಲವೆಂದು ಅವರಲ್ಲಿ ಜಗಳ ನಡೆದಿದೆ.

ಮುಂದಿನ ವರ್ಷ ಓದು ಮುಗಿಸಿ ಅವನು ಎಲ್ಲಿಗೆ ಹೋಗುವನೋ ಗೊತ್ತಿಲ್ಲ. ಆಗ ಇದನ್ನು ಸಾಕುವವರು ಯಾರು ಎಂದು ಕೇಳಿದೆ. ತನ್ನ ಕೈಯಲ್ಲಿ ಆಗದೆ ಹೋದರೆ ಎರಡು ತಿಂಗಳು ಮುಂಚಿತವಾಗಿ ಎಲ್ಲರಿಗೂ ಬಾಯಲ್ಲೇ ಹೇಳುವುದು, ಒಬ್ಬೊಬ್ಬರಿಗೂ ಲೋಕದ ಪೂರ್ತಿ ಪ್ರತಿ ಕೊಡುವುದು ಎಂದು ಕರಾರು ಬರೆದುಕೊಂಡಿದ್ದಾನೆ. ಎಂಟರಲ್ಲಿ ಇಬ್ಬರು ಈಗಾಗಲೇ ತಮ್ಮ ಪ್ರತಿ ಇಳಿಸಿಕೊಂಡಿದ್ದಾರಂತೆ. ಉಳಿದವರು ನಾಳೆ ನಾಳೆ ಎನ್ನುತ್ತಿದ್ದಾರೆ. ಎರಡು ನೋಟುಪುಸ್ತಕದ ಪದಗಳೂ ತಾಣಕ್ಕೆ ಸೇರಿವೆ. ಅಜ್ಜಿಯ ಜೊತೆಗೆ ಬೀಸುತ್ತಿದ್ದ ಇನ್ನೊಬ್ಬ ಮುದುಕಿ ಪಕ್ಕದ ಊರಿನಲ್ಲಿದ್ದಾಳೆ, ಕಿವಿ ಮಂದ, ಆದರೆ ಪದ ಬಂದೀತು, ದಸರೆಯ ರಜೆಯಲ್ಲಿ ಹೋಗಿ ಕೇಳುತ್ತೇನೆ ಎಂದು ಆ ಉಪಾಧ್ಯಾಯಿನಿ ಬರೆದಿದ್ದಾಳೆ.